ಕೈಯಲ್ಲಿರೋ ಬೈಬಲ್ ಕ್ಯಾಥೋಲಿಕರದ್ದಾ, ಪ್ರೊಟೆಸ್ಟೆಂಟರದ್ದಾ? ನೀವೇ ಕಂಡುಹಿಡಿಯೋದು ಹೀಗೆ

ಕವರ್ ನೋಡಿ ಹೇಳಕ್ಕಾಗಲ್ಲ. ಎರಡರ ಮೇಲೂ ಶಿಲುಬೆ ಇರಬಹುದು, ಎರಡರ ಮೇಲೂ ಬರೀ ‘ಪವಿತ್ರ ಬೈಬಲ್’ ಅಂತಷ್ಟೇ ಇರಬಹುದು. ಒಳಗೆ ವ್ಯತ್ಯಾಸ ಇರೋದು ನಿಜ, ಆದ್ರೆ ಜನ ಅಂದ್ಕೊಂಡಿರೋ ಜಾಗದಲ್ಲಿ ಅದು ಇಲ್ಲ. ಅವರ ಬೈಬಲ್‌ನಲ್ಲಿ ಯೇಸುವಿನ ಮಾತುಗಳೇ ಬೇರೆ, ಇವರ ಬೈಬಲ್‌ನಲ್ಲಿ ಮರಿಯಳ ವಿಷಯಾನೇ ತೆಗೆದುಹಾಕಿದ್ದಾರೆ ಅಂತೆಲ್ಲ ಹೇಳೋರಿದ್ದಾರೆ, ಎರಡೂ ಸುಳ್ಳು. ಯಾರ ಮಾತೂ ಬೇಡ, ನೀವೇ ಪುಟ ತಿರುಗಿಸಿ ನೋಡಿ.

ಮೊದಲು ಪರಿವಿಡಿ ತೆಗೀರಿ

ಬೈಬಲ್‌ಗೆ ಎರಡು ಭಾಗ, ಹಳೆ ಒಡಂಬಡಿಕೆ ಮತ್ತು ಹೊಸ ಒಡಂಬಡಿಕೆ. ಹೊಸ ಒಡಂಬಡಿಕೆಯಲ್ಲಿ ಹುಡುಕ್ತಾ ಟೈಮ್ ವೇಸ್ಟ್ ಮಾಡ್ಬೇಡಿ. ಮತ್ತಾಯನಿಂದ ಪ್ರಕಟನೆವರೆಗೆ ಇಬ್ಬರಿಗೂ 27 ಪುಸ್ತಕಗಳೇ, ಅವೇ ಪುಸ್ತಕಗಳು. ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರ್‌ಗೆ ಇಬ್ರಿಯ, ಯಾಕೋಬ, ಯೂದ, ಪ್ರಕಟನೆ ಈ ನಾಲ್ಕರ ಬಗ್ಗೆ ಅಷ್ಟು ಸಮಾಧಾನ ಇರಲಿಲ್ಲ, 1522ರಲ್ಲಿ ಜರ್ಮನ್ ಹೊಸ ಒಡಂಬಡಿಕೆ ತಂದಾಗ ಇವನ್ನ ಕೊನೆಗೆ ತಳ್ಳಿದರು, ಆದ್ರೆ ತೆಗೆದುಹಾಕಲಿಲ್ಲ.

ಎಣಿಸಬೇಕಾಗಿರೋದು ಹಳೆ ಒಡಂಬಡಿಕೆ. 39 ಬಂದ್ರೆ ಪ್ರೊಟೆಸ್ಟೆಂಟ್, 46 ಬಂದ್ರೆ ಕ್ಯಾಥೋಲಿಕ್. ಹೊಸ ಒಡಂಬಡಿಕೆ ಸೇರಿಸಿದ್ರೆ 66 ಮತ್ತು 73. ಎಣಿಸೋಕೆ ಬೇಜಾರಾದ್ರೆ ಈ ಏಳು ಹೆಸರು ಹುಡುಕಿ ಸಾಕು: ತೋಬಿತ್, ಯೂದಿತ್, ಮಕ್ಕಬಿಯರು ಒಂದನೇದು, ಎರಡನೇದು, ಸೊಲೊಮೋನನ ಜ್ಞಾನಗ್ರಂಥ, ಸಿರಾಖ, ಬಾರೂಕ. ಇವತ್ತಿನ ಬಹಳಷ್ಟು ಕ್ಯಾಥೋಲಿಕ್ ಬೈಬಲ್‌ಗಳಲ್ಲಿ ತೋಬಿತ್, ಯೂದಿತ್, ಮಕ್ಕಬಿಯರು ನೆಹೆಮೀಯ ಆದ್ಮೇಲೆ ಯೋಬನಿಗಿಂತ ಮುಂಚೆ ಬರತ್ತೆ, ಜ್ಞಾನಗ್ರಂಥ ಮತ್ತು ಸಿರಾಖ ಪರಮಗೀತೆ ಆದ್ಮೇಲೆ, ಬಾರೂಕ ಪ್ರಲಾಪಗಳು ಆದ್ಮೇಲೆ. ಹಳೇ ಮುದ್ರಣ ಆದ್ರೆ ಮಕ್ಕಬಿಯರು ಹಳೆ ಒಡಂಬಡಿಕೆಯ ಕಟ್ಟಕಡೆಗೆ ಸಿಗಬಹುದು.

ಇಲ್ಲೊಂದು ಕಡೆ ತುಂಬಾ ಜನ ಎಡವ್ತಾರೆ. ಎರಡು ಒಡಂಬಡಿಕೆಗಳ ಮಧ್ಯೆ ‘ಅಪಾಕ್ರಿಫಾ’ ಅಂತ ಬೇರೆ ವಿಭಾಗ ಮಾಡಿ ಈ ಪುಸ್ತಕಗಳನ್ನ ಹಾಕಿದ್ರೆ ಅದು ಕ್ಯಾಥೋಲಿಕ್ ಬೈಬಲ್ ಅಲ್ಲ, ಪ್ರೊಟೆಸ್ಟೆಂಟರ ಹಳೇ ಪದ್ಧತಿ. ಲೂಥರ್ 1534ರ ಪೂರ್ತಿ ಬೈಬಲ್‌ನಲ್ಲಿ ಹಾಗೇ ಮಾಡಿದ್ದು, ಪವಿತ್ರ ಗ್ರಂಥಕ್ಕೆ ಸಮ ಅಲ್ಲ ಆದ್ರೆ ಓದೋಕೆ ಒಳ್ಳೇದು ಅಂತ ಹೇಳಿ ಇಟ್ಟರು. 1611ರ ಕಿಂಗ್ ಜೇಮ್ಸ್ ಬೈಬಲ್‌ನಲ್ಲೂ ಈ ವಿಭಾಗ ಇತ್ತು! ಆ ವಿಭಾಗದಲ್ಲಿ ಏಳಕ್ಕಿಂತ ಜಾಸ್ತಿನೇ ಇರತ್ತೆ, ಮನಸ್ಸೆಯ ಪ್ರಾರ್ಥನೆ ಥರದ್ದು, ಅದು ಕ್ಯಾಥೋಲಿಕರ 73ರಲ್ಲೂ ಇಲ್ಲ. ಬೈಬಲ್ ಅಚ್ಚು ಹಾಕಿಸಿ ಹಂಚ್ತಿದ್ದ ಬ್ರಿಟಿಷ್ ಅಂಡ್ ಫಾರಿನ್ ಬೈಬಲ್ ಸೊಸೈಟಿ 1826ರಲ್ಲಿ ಅಪಾಕ್ರಿಫಾ ಇರೋ ಬೈಬಲ್‌ಗಳಿಗೆ ದುಡ್ಡು ಕೊಡಲ್ಲ ಅಂತ ತೀರ್ಮಾನ ಮಾಡಿತು, ಆಮೇಲಾಮೇಲೆ ಬರೀ 66 ಪುಸ್ತಕದ ಬೈಬಲ್ಲೇ ಎಲ್ಲಾ ಕಡೆ ಹರಡಿತು. ಇದು ಗೊತ್ತಿಲ್ಲದೇ ಎಷ್ಟೋ ಜನ ಪ್ರೊಟೆಸ್ಟೆಂಟರು ಮೊದಲಿಂದಲೂ ಹೀಗೇ ಇತ್ತು ಅಂದ್ಕೊಂಡಿದ್ದಾರೆ.

ಆಮೇಲೆ ದಾನಿಯೇಲ ಮತ್ತು ಎಸ್ತೇರ

ಏಳು ಪುಸ್ತಕ ಸಿಕ್ತು ಅಂತ ನಿಲ್ಲಿಸ್ಬೇಡಿ, ಎರಡೂ ಕಡೆ ಇರೋ ಪುಸ್ತಕಗಳ ಒಳಗೇ ಹೆಚ್ಚುಕಮ್ಮಿ ಇದೆ. ದಾನಿಯೇಲ 12ನೇ ಅಧ್ಯಾಯಕ್ಕೆ ಮುಗಿದ್ರೆ ಪ್ರೊಟೆಸ್ಟೆಂಟ್, 14ರವರೆಗೆ ಹೋದ್ರೆ ಕ್ಯಾಥೋಲಿಕ್. 13ನೇದು ಸುಸನ್ನಳ ಕಥೆ. ಇಬ್ಬರು ಮುದುಕ ನ್ಯಾಯಾಧೀಶರು ಸೇರಿ ಅವಳ ಮೇಲೆ ವ್ಯಭಿಚಾರದ ಸುಳ್ಳು ಅಪವಾದ ಹೊರಿಸ್ತಾರೆ, ಸಾಯಿಸೋಕೆ ಕರ್ಕೊಂಡು ಹೋಗ್ತಿರೋವಾಗ ಹುಡುಗ ದಾನಿಯೇಲ ತಡೆದು ಆ ಇಬ್ಬರನ್ನೂ ಬೇರೆ ಬೇರೆ ನಿಲ್ಲಿಸಿ ಯಾವ ಮರದ ಕೆಳಗೆ ನೋಡಿದ್ರಿ ಅಂತ ಕೇಳ್ತಾನೆ, ಒಬ್ಬೊಬ್ಬ ಒಂದೊಂದು ಮರದ ಹೆಸರು ಹೇಳ್ತಾನೆ, ಅಲ್ಲಿಗೆ ಸುಳ್ಳು ಬಯಲು. ಎಂಥಾ ಕಥೆ ನೋಡಿ, ಅಧಿಕಾರ ಇರೋರ ಮಾತನ್ನ ಊರೆಲ್ಲಾ ನಂಬಿದ ಮೇಲೂ ಒಬ್ಬ ಹುಡುಗ ಪ್ರಶ್ನೆ ಕೇಳ್ತಾನೆ. ಯಾವ ಚರ್ಚಿಗೆ ಹೋಗೋರಾದ್ರೂ ಇದನ್ನ ಒಂದ್ಸಲ ಓದ್ಲೇಬೇಕು ಅನ್ನೋದು ನನ್ನ ಅಭಿಪ್ರಾಯ.

ಮೂರನೇ ಅಧ್ಯಾಯವನ್ನೂ ನೋಡಿ, ಬೆಂಕಿಯ ಕುಲುಮೆಗೆ ಹಾಕಿದ ಮೂವರು ಹಾಡೋ ಉದ್ದದ ಸ್ತುತಿಗೀತೆ ಕ್ಯಾಥೋಲಿಕ್ ಬೈಬಲ್‌ನಲ್ಲಿ ಇರತ್ತೆ, ಪ್ರೊಟೆಸ್ಟೆಂಟ್‌ನಲ್ಲಿ ಆ ಅಧ್ಯಾಯ 30 ವಚನಕ್ಕೆ ಮುಗಿಯತ್ತೆ.

ಎಸ್ತೇರಳದ್ದು ಇನ್ನೂ ವಿಶೇಷ. ಹೀಬ್ರೂ ಭಾಷೆಯ ಪ್ರತಿಯಲ್ಲಿ ದೇವರ ಹೆಸರು ಒಂದ್ಸಲನೂ ಬರಲ್ಲ, ಗ್ರೀಕ್ ಭಾಷೆಯ ಪ್ರತಿಯಲ್ಲಿ ಎಸ್ತೇರಳ ಪ್ರಾರ್ಥನೆ, ಮೊರ್ದೆಕೈಯ ಪ್ರಾರ್ಥನೆ ಎಲ್ಲಾ ಇದೆ. ಕ್ಯಾಥೋಲಿಕರು ಆ ಗ್ರೀಕ್ ಭಾಗಗಳನ್ನೂ ಸೇರಿಸ್ಕೊಂಡು ಓದ್ತಾರೆ. ಒಂದೇ ರಾಣಿಯ ಕಥೆ, ಓದೋವಾಗ ಆಗೋ ಅನುಭವ ಮಾತ್ರ ಪೂರ್ತಿ ಬೇರೆ.

ಯಾಕೆ ಹೀಗಾಯ್ತು

ಯೇಸು ಹುಟ್ಟೋಕೆ ಮುಂಚೆನೇ, ಕ್ರಿ.ಪೂ. 3ನೇ ಶತಮಾನದಿಂದ, ಅಲೆಕ್ಸಾಂಡ್ರಿಯಾದಲ್ಲಿ ಯೆಹೂದ್ಯರ ಗ್ರಂಥಗಳು ಗ್ರೀಕ್ ಭಾಷೆಗೆ ಬರೋಕೆ ಶುರುವಾಯ್ತು, ಅದಕ್ಕೆ ಸೆಪ್ಟುಅಜಿಂಟ್ ಅಂತಾರೆ. ಹೀಬ್ರೂ ಸಂಗ್ರಹದಲ್ಲಿ ಸೇರದ ಕೆಲವು ಪುಸ್ತಕಗಳು ಈ ಗ್ರೀಕ್ ಸಂಗ್ರಹದಲ್ಲಿ ಓಡಾಡ್ತಿದ್ವು, ಮೊದಲ ಕ್ರೈಸ್ತರಲ್ಲಿ ಬಹಳ ಜನ ಗ್ರೀಕ್ ಓದೋರೇ ಆಗಿದ್ರಿಂದ ಅವೂ ಕೈಗೆ ಬಂದ್ವು. ಬೈಬಲ್ಲನ್ನ ಲ್ಯಾಟಿನ್‌ಗೆ ತಂದ ಜೆರೋಮ್‌ಗೆ ಹೀಬ್ರೂ ಪಟ್ಟಿನೇ ಸರಿ ಅನಿಸಿತ್ತು, ಅದೇ ಕಾಲದ ಬಿಷಪ್ ಅಗಸ್ಟೀನ್ ಒಪ್ಪಲಿಲ್ಲ. ಉತ್ತರ ಆಫ್ರಿಕಾದ ಬಿಷಪ್‌ಗಳು ಸೇರಿದ್ದ 393ರ ಹಿಪ್ಪೋ ಸಭೆ, 397ರ ಕಾರ್ತೇಜ್ ಸಭೆ ಈ ಪುಸ್ತಕಗಳೂ ಇರೋ ದೊಡ್ಡ ಪಟ್ಟಿಯ ಕಡೆಗೇ ನಿಂತವು. ಸಾವಿರಕ್ಕೂ ಹೆಚ್ಚು ವರ್ಷ ಆದ್ಮೇಲೆ ಲೂಥರ್ ಜೆರೋಮ್ ಹೇಳಿದ್ದ ದಾರಿಗೆ ವಾಪಸ್ ಹೋದರು, ಅದಕ್ಕೆ ಉತ್ತರವಾಗಿ ಕ್ಯಾಥೋಲಿಕ್ ಬಿಷಪ್‌ಗಳ ಟ್ರೆಂಟ್ ಸಭೆ 1546ರ ಏಪ್ರಿಲ್ 8ರಂದು ದೊಡ್ಡ ಪಟ್ಟಿಯನ್ನೇ ಕ್ಯಾಥೋಲಿಕರಿಗೆ ಅಧಿಕೃತ ಅಂತ ಕಟ್ಟುನಿಟ್ಟು ಮಾಡಿತು.

ಅದಕ್ಕೇ ಹೇಳೋದು, ಕ್ಯಾಥೋಲಿಕರು ಟ್ರೆಂಟ್‌ನಲ್ಲಿ ಏಳು ಪುಸ್ತಕ ಹೊಸದಾಗಿ ಸೇರಿಸಿದ್ರು ಅನ್ನೋದೂ ತಪ್ಪು, ಲೂಥರ್ ಏಳು ಪುಸ್ತಕ ಹರಿದು ಬಿಸಾಕಿದ್ರು ಅನ್ನೋದೂ ತಪ್ಪು. ಯೆಹೂದ್ಯರ ಯಾವ ಸಂಗ್ರಹವನ್ನ ಹಳೆ ಒಡಂಬಡಿಕೆ ಅಂತ ತಗೋಬೇಕು ಅನ್ನೋ ಪ್ರಶ್ನೆ ಇದು, ಮೊದಲಿಂದಲೂ ಇದ್ದ ಪ್ರಶ್ನೆ.

ಜಗಳ ಬಿಸಿಯಾಗೋಕೆ ಸಿದ್ಧಾಂತವೂ ಒಂದು ಕಾರಣ. 2 ಮಕ್ಕಬಿಯರು 12ರಲ್ಲಿ ಯುದ್ಧದಲ್ಲಿ ಸತ್ತವರಿಗೋಸ್ಕರ ಪ್ರಾರ್ಥನೆ, ಕಾಣಿಕೆ ಮಾಡಿಸೋ ಮಾತು ಬರತ್ತೆ, ಸತ್ತವರಿಗೆ ಪ್ರಾರ್ಥನೆ ಮಾಡೋದಕ್ಕೆ, ಸತ್ತವರ ಆತ್ಮ ಸ್ವರ್ಗಕ್ಕೆ ಹೋಗೋ ಮುಂಚೆ ಶುದ್ಧವಾಗೋ ‘ಶುದ್ಧೀಕರಣ ಸ್ಥಳ’ ಅನ್ನೋ ಬೋಧನೆಗೆ ಕ್ಯಾಥೋಲಿಕರು ಆ ಭಾಗ ತೋರಿಸ್ತಾರೆ, ಪ್ರೊಟೆಸ್ಟೆಂಟರಿಗೆ ಆ ಪುಸ್ತಕವೇ ಪ್ರಮಾಣ ಅಲ್ಲ. ಇವೆಲ್ಲಾ ಗ್ರೀಕ್‌ನಲ್ಲೇ ಹುಟ್ಟಿದ ಪುಸ್ತಕಗಳು ಅಂತ ಯಾರಾದ್ರೂ ಹೇಳಿದ್ರೆ ಒಪ್ಪಬೇಡಿ. ಸಿರಾಖದ ಹೀಬ್ರೂ ಹಾಳೆಗಳು 1896ರಲ್ಲಿ ಕೈರೋದ ಹಳೇ ಸಿನಗಾಗ್‌ನ ದಾಸ್ತಾನಿನಿಂದ ಬಂದದ್ದು ಅಂತ ಪತ್ತೆಯಾಯ್ತು, ತೋಬಿತ್‌ನ ಅರಾಮಿಕ್ ಮತ್ತು ಹೀಬ್ರೂ ತುಣುಕುಗಳು ಮೃತ ಸಮುದ್ರದ ಹತ್ತಿರದ ಕುಮ್ರಾನ್ ಗುಹೆಗಳಲ್ಲಿ ಸಿಕ್ಕವು. ಹಾಗಂತ ಪ್ರೊಟೆಸ್ಟೆಂಟರ ವಾದ ಬಿದ್ದುಹೋಯ್ತು ಅಂತಲ್ಲ, ಯೆಹೂದ್ಯರು ಆ ಪುಸ್ತಕಗಳನ್ನ ತಮ್ಮ ಪವಿತ್ರ ಗ್ರಂಥಕ್ಕೆ ಸೇರಿಸಿಲ್ಲ ಅನ್ನೋ ಮಾತು ಹಾಗೇ ಉಳಿಯತ್ತೆ.

ವಚನ ಸಿಗದಿದ್ರೆ ನಂಬರ್ ನೋಡಿ

ಕೀರ್ತನೆ 23 ತೆಗೆದ್ರೆ ‘ಯೆಹೋವನು ನನಗೆ ಕುರುಬನು’ ಇರಬೇಕು ತಾನೇ, ಹಳೇ ಕ್ಯಾಥೋಲಿಕ್ ಬೈಬಲ್‌ನಲ್ಲಿ ಅದು 22ರಲ್ಲಿ ಇರತ್ತೆ. ಗ್ರೀಕ್ ಮತ್ತು ಲ್ಯಾಟಿನ್ ಪ್ರತಿಗಳಲ್ಲಿ 9 ಮತ್ತು 10ನೇ ಕೀರ್ತನೆ ಒಂದೇ ಆಗಿರೋದ್ರಿಂದ ಅಲ್ಲಿಂದ ಮುಂದೆ ಬಹುತೇಕ ಒಂದು ಕಮ್ಮಿ ಬರ್ತಾ ಹೋಗತ್ತೆ, 148ಕ್ಕೆ ಬರೋ ಹೊತ್ತಿಗೆ ಮತ್ತೆ ಸರಿಹೋಗತ್ತೆ, ಒಟ್ಟು ಎರಡು ಕಡೆನೂ 150. ಈಗಿನ ಬಹಳಷ್ಟು ಕ್ಯಾಥೋಲಿಕ್ ಮುದ್ರಣಗಳು ಹೀಬ್ರೂ ನಂಬರೇ ಬಳಸ್ತವೆ, ಕೆಲವು ಬ್ರಾಕೆಟ್‌ನಲ್ಲಿ ಇನ್ನೊಂದು ನಂಬರನ್ನೂ ಕೊಡ್ತವೆ. ಮಲಾಕಿ ಒಂದರಲ್ಲಿ ಮೂರು ಅಧ್ಯಾಯ ಇನ್ನೊಂದರಲ್ಲಿ ನಾಲ್ಕು ಕಂಡ್ರೂ ಗಾಬರಿ ಬೇಡ, ಮಾತು ಅಷ್ಟೇ ಇದೆ, ಕತ್ತರಿಸಿರೋ ಜಾಗ ಬೇರೆ.

ಹತ್ತು ಆಜ್ಞೆಗಳಲ್ಲೂ ಇದೇ ಗೊಂದಲ. ವಿಮೋಚನಕಾಂಡ 20 ಎರಡರಲ್ಲೂ ಒಂದೇ, ಆದ್ರೆ ವ್ಯಭಿಚಾರ ಮಾಡಬೇಡ ಅನ್ನೋದು ಕ್ಯಾಥೋಲಿಕರ ಎಣಿಕೆಯಲ್ಲಿ ಆರನೇದು, ಬಹಳಷ್ಟು ಪ್ರೊಟೆಸ್ಟೆಂಟರಿಗೆ ಏಳನೇದು. ವಿಗ್ರಹದ ವಿಷಯವನ್ನ ಮೊದಲನೇ ಆಜ್ಞೆಗೇ ಸೇರಿಸಿ ಕೊನೆಗೆ ಆಶೆ ಪಡೋ ವಿಷಯವನ್ನ ಎರಡು ಮಾಡಿದ್ರೆ ಒಂದು ಎಣಿಕೆ, ಹಾಗೆ ಮಾಡದಿದ್ರೆ ಇನ್ನೊಂದು. ಲೂಥರನ್ನರು ಇಲ್ಲಿ ಕ್ಯಾಥೋಲಿಕರ ಜೊತೆಗೇ ಇದ್ದಾರೆ.

ಯೇಸು ಕಲಿಸಿದ ಪ್ರಾರ್ಥನೆಯ ಕೊನೆಗೆ ಹೇಳೋ ‘ರಾಜ್ಯವೂ ಬಲವೂ ಮಹಿಮೆಯೂ’ ಅನ್ನೋ ಸಾಲು ಮತ್ತಾಯ 6:13ರಲ್ಲಿ ಇಲ್ಲ ಅಂತ ಕ್ಯಾಥೋಲಿಕ್ ಬೈಬಲ್ ಮೇಲೆ ತಪ್ಪು ಹೊರಿಸೋರೂ ಇದ್ದಾರೆ. ಬಹಳ ಹಳೇ ಹಸ್ತಪ್ರತಿಗಳಲ್ಲಿ ಆ ಸಾಲಿಲ್ಲ, ಇವತ್ತಿನ ಎಷ್ಟೋ ಪ್ರೊಟೆಸ್ಟೆಂಟ್ ಅನುವಾದಗಳೂ ಅದನ್ನ ಅಡಿಟಿಪ್ಪಣಿಗೆ ಇಳಿಸಿವೆ.

ಇನ್ನೂ ಅನುಮಾನ ಇದ್ರೆ ಮೊದಲ ಹಾಳೆಯ ಹಿಂಬದಿ ನೋಡಿ, ‘ಇಂಪ್ರಿಮಾತುರ್’ (ಅಚ್ಚು ಹಾಕಬಹುದು ಅನ್ನೋ ಒಪ್ಪಿಗೆ) ಅಂತ ಬಿಷಪ್ ಹೆಸರಿನ ಜೊತೆ ಇದ್ರೆ ಸಾಮಾನ್ಯವಾಗಿ ಅದು ಕ್ಯಾಥೋಲಿಕ್. ಕ್ಯಾಥೋಲಿಕರ ಬೈಬಲ್‌ಗೆ ಚರ್ಚಿನ ಒಪ್ಪಿಗೆ ಬೇಕು, ಅನುವಾದಕ್ಕೆ ಸಾಕಷ್ಟು ವಿವರಣೆಯ ಟಿಪ್ಪಣಿನೂ ಇರಬೇಕು.

ಗುರುತು ಹಿಡಿದಾಯ್ತು, ಈಗ ಓದಿ. ಯೋಹಾನ 10:22ರಲ್ಲಿ ಯೇಸು ದೇವಾಲಯದ ಪ್ರತಿಷ್ಠೆಯ ಹಬ್ಬದಲ್ಲಿ ಇರ್ತಾರೆ, ಆ ಹಬ್ಬ ಯಾಕೆ ಶುರುವಾಯ್ತು ಅನ್ನೋದು 66 ಪುಸ್ತಕಗಳಲ್ಲಿ ಎಲ್ಲೂ ಇಲ್ಲ, 1 ಮಕ್ಕಬಿಯರು 4ರಲ್ಲಿದೆ. ನಂಬಿಕೆಗೋಸ್ಕರ ಹಿಂಸೆ ಪಟ್ಟವರ ಮಾತು ಬರೋ ಇಬ್ರಿಯ 11:35 ಓದಿ 2 ಮಕ್ಕಬಿಯರು 7ರ ತಾಯಿ ಮತ್ತು ಏಳು ಮಕ್ಕಳ ಕಥೆಗೆ ಹೋಗಿ. ಉದ್ದ ಅನಿಸಿದ್ರೆ ತೋಬಿತ್‌ನಿಂದ ಶುರು ಮಾಡಿ, ಬರೀ 14 ಅಧ್ಯಾಯ, ಒಂದೇ ಸಲ ಕೂತು ಓದಬಹುದು. ಬೇರೆ ಪಂಗಡದವರ ಜೊತೆ ಓದೋದಾದ್ರೆ ವಚನದ ನಂಬರ್ ಜೊತೆ ಯಾವ ಅನುವಾದ ಅಂತಾನೂ ಮೊದಲೇ ಹೇಳ್ಬಿಡಿ.