ಪೇಪರಿನಲ್ಲಿ 1967, ಕಬ್ಬಿಣದಲ್ಲಿ 1966: ನನ್ನ ಕಾರ್ಮನ್ ಗಿಯಾ

ಹೋದ ವರ್ಷ ಒಂದು ಹಳೇ ಕಾರ್ಮನ್ ಗಿಯಾ ಕೂಪೆ ಕೊಂಡೆ, ಎರಡು ಬಾಗಿಲಿನ ಕಾರು. ಕೊಳ್ಳುವ ಮೊದಲು ಅದು ಯಾವ ಮಾಡೆಲ್, ಎಷ್ಟು ಒರಿಜಿನಲ್ ಅಂತ ಹೇಗೆ ನೋಡಿದೆ ಅನ್ನುವುದನ್ನು ಬರೆಯುತ್ತಿದ್ದೇನೆ. ಹಳೇ ಕಾರಿನ ಹುಚ್ಚಿರುವವರಿಗೆ ಉಪಯೋಗ ಆಗಬಹುದು.

ನಾನಿರುವುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಈ ಕಾರು ಹುಟ್ಟಿದ ಓಸ್ನಾಬ್ರೂಕ್ ಇಲ್ಲಿಂದ ರೈಲಿನಲ್ಲಿ ಒಂದೂವರೆ ಗಂಟೆಯೊಳಗಿನ ದಾರಿ. ಅಲ್ಲಿಯ ಕಾರ್ಮನ್ ಕಾರ್ಖಾನೆ 1955ರಿಂದ 1974ರವರೆಗೆ ಫೋಕ್ಸ್‌ವ್ಯಾಗನ್‌ಗಾಗಿ ಇದನ್ನು ಕಟ್ಟಿತು. ರೂಪ ಇಟಲಿಯ ಟ್ಯೂರಿನ್‌ನ ಗಿಯಾ ಅನ್ನುವ ಡಿಸೈನ್ ಕಂಪನಿಯವರದು. ಕೆಳಗಿನ ಎಂಜಿನ್, ಗೇರು, ಆಕ್ಸಲ್ ಎಲ್ಲ ಬೀಟಲ್‌ನದು.

ಮಾರುವವರ ಜಾಹೀರಾತಿನಲ್ಲಿ ಹೀಗಿತ್ತು: 1967, 1500 ಸಿಸಿ, ಕೆಂಪು ಬಣ್ಣ, ಪೂರ್ತಿ ಒರಿಜಿನಲ್. ಪೇಪರಿನಲ್ಲೂ ಮೊದಲ ರಿಜಿಸ್ಟ್ರೇಷನ್ ಮಾರ್ಚ್ 1967 ಅಂತ ಇತ್ತು. ಆದರೆ ಪೇಪರಿನ ತಾರೀಖು ಕಾರು ರಸ್ತೆಗೆ ಇಳಿದ ದಿನವನ್ನು ಮಾತ್ರ ಹೇಳುತ್ತದೆ. ನಮ್ಮ ಆರ್‌ಸಿಯಲ್ಲೂ ತಯಾರಾದ ತಿಂಗಳು ಬೇರೆ, ರಿಜಿಸ್ಟ್ರೇಷನ್ ತಾರೀಖು ಬೇರೆ ಇರುತ್ತದೆ ಅಲ್ವಾ, ಹಾಗೆ. ಜೊತೆಗೆ ಫೋಕ್ಸ್‌ವ್ಯಾಗನ್‌ನ ಮಾಡೆಲ್ ವರ್ಷ ಶುರುವಾಗುತ್ತಿದ್ದದ್ದು ಆಗಸ್ಟ್ 1ಕ್ಕೆ. ಸೆಪ್ಟೆಂಬರ್ 1966ರಲ್ಲಿ ತಯಾರಾದ ಕಾರು 1967ರ ಮಾಡೆಲ್. ಇದನ್ನು ತಲೆಯಲ್ಲಿ ಇಟ್ಟುಕೊಳ್ಳದಿದ್ದರೆ ಮುಂದಿನ ಲೆಕ್ಕ ಎಲ್ಲ ತಪ್ಪುತ್ತದೆ.

ಮೊದಲು ಹಿಂದಿನ ಸೀಟು ಎತ್ತಿಸಿದೆ. ಚಾಸಿಸ್ ನಂಬರ್ ಹೊಡೆದಿರುವುದು ಅಲ್ಲೇ, ನಡುವಿನ ಟನೆಲ್ ಮೇಲೆ, ಅಂದರೆ ತಳದ ನಡುವೆ ಉದ್ದಕ್ಕೂ ಇರುವ ಉಬ್ಬಿನ ಮೇಲೆ. ಐವತ್ತು ವರ್ಷದ ಧೂಳು ಮತ್ತು ಎಣ್ಣೆ ಕೂಡಿ ಮೇಣದ ಹಾಗೆ ಕೂತಿತ್ತು. ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಉಜ್ಜಿದೆ. ತಂತಿ ಬ್ರಷ್ ಮಾತ್ರ ತಾಗಿಸಬೇಡಿ, ಅಂಕೆಗಳ ಅಂಚು ಸವೆಯುತ್ತದೆ. ಒಂದೊಂದೇ ಅಂಕೆ ಮೇಲೆ ಬಂತು: 1, 4, 6. ಸುತ್ತ ಗ್ರೈಂಡರ್ ಗೀರು ಇರಲಿಲ್ಲ, ವೆಲ್ಡಿಂಗ್ ಗುರುತೂ ಇರಲಿಲ್ಲ. ಇದರ ಎಂಜಿನ್ ಹಿಂದೆ, ಡಿಕ್ಕಿ ಮುಂದೆ. ಆ ಡಿಕ್ಕಿಯ ತಗಡಿನ ಪ್ಲೇಟಿನಲ್ಲೂ ಅದೇ ನಂಬರ್.

ಆಗಸ್ಟ್ 1964ರಿಂದ ಈ ನಂಬರ್ ಓದುವುದು ಸುಲಭ. ಮೊದಲ ಎರಡು ಅಂಕೆ ಕಾರಿನ ಟೈಪ್: 14 ಅಂದರೆ ಕಾರ್ಮನ್ ಗಿಯಾ, 11 ಅಂದರೆ ಬೀಟಲ್. ಮೂರನೆಯದು ಮಾಡೆಲ್ ವರ್ಷದ ಕೊನೆಯ ಅಂಕೆ. ಉಳಿದ ಆರು ಸರಣಿ ಸಂಖ್ಯೆ. 1970ರ ಮಾಡೆಲ್‌ನಿಂದ ಮೂರನೆಯ ಅಂಕೆಯ ನಂತರ ಒಂದು 2 ಸೇರಿತು, ನಂಬರ್ ಹತ್ತು ಅಂಕೆ ಆಯಿತು. ಅಂದರೆ ನನ್ನ ಮುಂದಿದ್ದದ್ದು 1966ರ ಮಾಡೆಲ್. ತಡ ಅಂದರೂ ಜುಲೈ 1966ರೊಳಗೆ ಕಾರ್ಖಾನೆ ಬಿಟ್ಟದ್ದು, ಆಮೇಲೆ ಎಲ್ಲೋ ಶೋರೂಮಿನಲ್ಲಿ ತಿಂಗಳುಗಟ್ಟಲೆ ನಿಂತಿರಬೇಕು.

ಸುಮಾರು ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಆ ನಂಬರ್ ಇರುವುದು ಕೆಳಗಿನ ಪ್ಯಾನ್ ಮೇಲೆ, ಅಂದರೆ ಕಾರಿನ ತಳದ ಮೇಲೆ, ಬಾಡಿಯನ್ನು ಅದರ ಮೇಲೆ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಬೋಲ್ಟ್ ಬಿಚ್ಚಿ ಬೇರೆ ವರ್ಷದ ಬಾಡಿ ಕೂರಿಸಲೂ ಬರುತ್ತದೆ. ಹಾಗಾಗಿ ನಾನು ಪ್ಯಾನ್, ಬಾಡಿ, ಎಂಜಿನ್ ಮೂರನ್ನೂ ಬೇರೆ ಬೇರೆ ಕಾರು ಅಂದುಕೊಂಡೇ ಓದುತ್ತೇನೆ, ಮೂರೂ ಒಂದೇ ವರ್ಷ ಹೇಳುತ್ತವಾ ಅಂತ ಆಮೇಲೆ ತಾಳೆ ನೋಡುತ್ತೇನೆ.

ಬಾಡಿ ಬೇಗ ಮುಗಿಯಿತು. ಆಗಸ್ಟ್ 1959ರ ತನಕದ ಗಿಯಾಗಳಲ್ಲಿ ಹೆಡ್‌ಲೈಟ್ ಕೆಳಗೆ, ಮೂಗಿನ ಎರಡು ಗಾಳಿಕಿಂಡಿ ಚಿಕ್ಕವು. ಆಮೇಲೆ ಲೈಟ್ ಮೇಲೆ ಹೋಯಿತು, ಕಿಂಡಿ ದೊಡ್ಡದಾಯಿತು. 1970ರ ಮಾಡೆಲ್‌ಗೆ ಇಂಡಿಕೇಟರ್ ಮತ್ತು ಹಿಂದಿನ ಲೈಟ್ ದೊಡ್ಡವಾದವು, 1972ಕ್ಕೆ ಬಂಪರ್ ದಪ್ಪ ಚೌಕಟ್ಟಿನದಾಯಿತು. ಇದರಲ್ಲಿ ಎತ್ತರದ ಹೆಡ್‌ಲೈಟ್, ಚಿಕ್ಕ ಹಿಂದಿನ ಲೈಟ್, ತೆಳು ಬಂಪರ್. ಅರವತ್ತರ ದಶಕದ ಬಾಡಿಯೇ, ಪ್ಯಾನ್‌ಗೆ ಹೊಂದುತ್ತದೆ.

ಎಂಜಿನ್ ಹೊಂದಲಿಲ್ಲ. ನಂಬರ್ ಜನರೇಟರ್ ನಿಂತಿರುವ ಕಂಬದ ಬುಡದಲ್ಲಿ ಇರುತ್ತದೆ, ಟಾರ್ಚ್ ಹಿಡಿದು ಬಗ್ಗಿ ನೋಡಬೇಕು. ಇದರಲ್ಲಿ ಎಚ್ ಅಕ್ಷರದಿಂದ ಶುರುವಾಗಿತ್ತು. ಎಚ್ ಅಂದರೆ 1500, ಅದು ಬಂದದ್ದು 1967ರ ಮಾಡೆಲ್‌ಗೆ. 1966ರ ಗಿಯಾಗೆ ಇರಬೇಕಾದದ್ದು 1300, ಎಫ್ ಅಕ್ಷರದ್ದು. ಎಂಜಿನ್ ಬದಲಾಯಿಸಿದ್ದನ್ನೇ ನಾನು ತಪ್ಪು ಅನ್ನುವುದಿಲ್ಲ. ಆಗ ಫೋಕ್ಸ್‌ವ್ಯಾಗನ್ನೇ ಹಳೇ ಎಂಜಿನ್ ತಗೊಂಡು ರಿಪೇರಿಯಾದ ಎಂಜಿನ್ ಕೊಡುತ್ತಿತ್ತು. ಆದರೆ ಬದಲಾಯಿಸಿದ ಮೇಲೆ ಪೂರ್ತಿ ಒರಿಜಿನಲ್ ಅಂತ ಬರೆಯಬಾರದು.

ಚಕ್ರದಲ್ಲೂ ಅದೇ ಕಥೆ. ನಾಲ್ಕು ಬೋಲ್ಟಿನ ಚಕ್ರ, ಮುಂದೆ ಡಿಸ್ಕ್ ಬ್ರೇಕ್. 1966ಕ್ಕೆ ಐದು ಬೋಲ್ಟ್ ಮತ್ತು ಡ್ರಮ್ ಇರಬೇಕು. ಮುಂದಿನ ಡಿಕ್ಕಿ ತೆಗೆದು ಸ್ಟೆಪ್ನಿ ಹೊರಗೆ ಎಳೆದೆ. ಅದಕ್ಕೆ ಐದು ತೂತು! ಆ ಕಾರಿನ ಯಾವ ಹಬ್ಬಿಗೂ (ಚಕ್ರ ಕೂರಿಸುವ ಗುಂಬಕ್ಕೂ) ಕೂರದ ಚಕ್ರವನ್ನು ಇಷ್ಟು ವರ್ಷ ಹೊತ್ತು ತಿರುಗಿದ್ದಾರೆ. ರಿಮ್ಮಿನ ಒಳಮೈಯ ತುಕ್ಕು ಒರೆಸಿದರೆ ತಯಾರಿ ತಾರೀಖಿನ ಮುದ್ರೆ ಕಂಡಿತು: 3 66. ಆ ಕ್ಷಣ ಆದ ಖುಷಿ ಅಷ್ಟಿಷ್ಟಲ್ಲ. ಕಾರು ಹುಟ್ಟಿದಾಗ ಜೊತೆಗಿದ್ದ ಚಕ್ರ ಅದು.

ಇನ್ನು ಬಣ್ಣ ಮತ್ತು ತಗಡು. ನಾನು ಬೆಳೆದದ್ದು ದಾವಣಗೆರೆಯಲ್ಲಿ, ಅಪ್ಪನ ಪದ್ಮಿನಿ ವರ್ಷಕ್ಕೆ ಒಂದು ಸಲವಾದರೂ ಟಿಂಕರಿಂಗ್ ಶೆಡ್ಡಿಗೆ ಹೋಗುತ್ತಿತ್ತು. ಬೆರಳ ಗೆಣ್ಣಿನಿಂದ ತಟ್ಟಿ ಎಲ್ಲಿ ಪುಟ್ಟಿ ತುಂಬಿದ್ದಾರೆ ಅಂತ ಹೇಳುವುದನ್ನು ಅಲ್ಲೇ ಕಲಿತೆ. ಪುಟ್ಟಿ ಇದ್ದರೆ ಸದ್ದು ಮಂಕು. ಈಗ ಅದರ ಜೊತೆ ಬಣ್ಣದ ದಪ್ಪ ಅಳೆಯುವ ಮೀಟರ್ ಕೂಡ ಇದೆ. ಬಾಗಿಲಲ್ಲಿ 250 ಮೈಕ್ರಾನ್ ಹತ್ತಿರ ತೋರಿಸಿತು, ಅಂದರೆ ಮೇಲೆ ಇನ್ನೊಂದು ಸಲ ಬಣ್ಣ ಬಿದ್ದಿದೆ. ಮೂಗಿನ ಹತ್ತಿರ ಇಟ್ಟರೆ 1500 ದಾಟಿತು. ಮೀಟರ್ ನಂಬಿದರೆ ಗುದ್ದಿಸಿಕೊಂಡ ಕಾರು ಅಂದುಕೊಂಡು ವಾಪಸ್ ಬರಬೇಕು.

ಗಿಯಾದಲ್ಲಿ ಅವಸರ ಬೇಡ. ಇದರ ಮೂಗು ಒಂದೇ ತಗಡಲ್ಲ. ಕಾರ್ಮನ್‌ನವರು ಹಲವು ತುಂಡುಗಳನ್ನು ಅಂಚಿಗೆ ಅಂಚು ಸೇರಿಸಿ ವೆಲ್ಡ್ ಮಾಡಿ, ಜೋಡಣೆಯ ಮೇಲೆ ತವರದ ಮಿಶ್ರಲೋಹ ಕರಗಿಸಿ ತುಂಬಿ, ಅರದಿಂದ ಕೈಯಲ್ಲೇ ಉಜ್ಜಿ ನಯ ಮಾಡುತ್ತಿದ್ದರು. ನಮ್ಮಲ್ಲಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಾರಲ್ಲ, ಅದೇ ತವರ. ಅದಕ್ಕೆ ಅಯಸ್ಕಾಂತ ಹಿಡಿಯುವುದಿಲ್ಲ, ಹಾಗಾಗಿ ಮೀಟರ್ ಅದನ್ನೂ ಬಣ್ಣದ ಲೆಕ್ಕಕ್ಕೇ ಸೇರಿಸುತ್ತದೆ. ಕಾರ್ಖಾನೆಯ ತವರವೋ, ಗ್ಯಾರೇಜಿನ ಪುಟ್ಟಿಯೋ ಅಂತ ಒಳಗಿನಿಂದ ನೋಡಬೇಕು. ಸ್ಟೆಪ್ನಿ ಇದ್ದ ಜಾಗದಲ್ಲಿ ಕೈ ತೂರಿಸಿ ಮೂಗಿನ ಹಿಂಬದಿ ಸವರಿದೆ. ವೆಲ್ಡಿಂಗ್ ಗೆರೆ ಎರಡೂ ಕಡೆ ಒಂದೇ ಸಮ ಇತ್ತು, ಸುತ್ತಿಗೆ ಏಟಿನ ಗುಳಿ ಇರಲಿಲ್ಲ. ಒಳಗೆ ಕಪ್ಪು ಬಣ್ಣ ಮುಟ್ಟದೆ ಹಾಗೇ ಇತ್ತು. ಕಾರ್ಖಾನೆಯ ಮೂಗೇ.

ಆ ಕಪ್ಪು ಇನ್ನೂ ಎರಡು ಕಡೆ ಸಿಕ್ಕಿತು, ಬಾಗಿಲಿನ ಒಳ ಹಲಗೆಯ ಹಿಂದೆ ಮತ್ತು ಹಿಂದಿನ ಸೀಟಿನ ಕೆಳಗೆ. ಕೆಂಪು ಆಮೇಲೆ ಬಂದದ್ದು.

ಇಷ್ಟನ್ನೂ ಫೋಟೋ ಸಮೇತ ಮಾರುವವರ ಮುಂದೆ ಇಟ್ಟೆ. ಅರ್ಧ ದಿನ ವಾದ ಆಯಿತು, ಕೊನೆಗೆ ಬೆಲೆ ಇಳಿಯಿತು, ಕೊಂಡೆ. ಎಂಜಿನ್ ಎಲ್ಲಿಂದಾದರೂ ತರಬಹುದು. ಪೆಟ್ಟು ತಿನ್ನದ ಗಿಯಾ ಮೂಗು ಸಿಗುವುದು ಕಷ್ಟ, ನಾನು ಹಣ ಕೊಟ್ಟದ್ದು ಅದಕ್ಕೆ.

ಆಮೇಲೆ ವೋಲ್ಫ್ಸ್‌ಬರ್ಗ್‌ನ ಫೋಕ್ಸ್‌ವ್ಯಾಗನ್ ಆಟೋ ಮ್ಯೂಸಿಯಂಗೆ ಚಾಸಿಸ್ ನಂಬರ್ ಬರೆದು ಹಾಕಿದೆ. ಕಾರ್ಖಾನೆಯ ದಾಖಲೆ ನೋಡಿ ಅವರು ಕಾರಿನ ಜನ್ಮಪತ್ರ ಕೊಡುತ್ತಾರೆ. ಕೆಲವು ವಾರಕ್ಕೆ ಲಕೋಟೆ ಬಂತು. ತಯಾರಾದದ್ದು ಮೇ 1966. ಬಣ್ಣ ಎಲ್ 41, ಕಪ್ಪು.

ಈಗ ಐದು ಬೋಲ್ಟಿನ ಡ್ರಮ್‌ಗಳು ಸಿಕ್ಕಿವೆ, ಸ್ಟೆಪ್ನಿಗೆ ಜೊತೆಯಾಗುವ ನಾಲ್ಕು ರಿಮ್ ಹುಡುಕುತ್ತಿದ್ದೇನೆ. ಎಫ್ ಎಂಜಿನ್ ಒಂದು ಬ್ರೆಮೆನ್ ಹತ್ತಿರ ಇದೆಯಂತೆ. ಶನಿವಾರ ಟಾರ್ಚ್ ತಗೊಂಡು ಹೋಗುತ್ತೇನೆ.