ಅಲುಗುವ ಸ್ಟೆಮ್‌ಗೆ ಪ್ಲೇಟ್ ಹಾಕಬೇಡಿ: ನನ್ನ ಅನುಭವ

ಹಿಪ್ ಕೀಲು ಬದಲಿಸುವ ಆಪರೇಷನ್ ಆಗಿ, ಆಮೇಲೆ ತೊಡೆ ಮೂಳೆ ಮುರಿದುಕೊಂಡು ಬಂದವರಿಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. "ಅಜ್ಜಿ, ಬೀಳೋಕೆ ಮುಂಚೆ ಕುರ್ಚಿಯಿಂದ ಏಳುವಾಗ ತೊಡೆ ನೋಯ್ತಿತ್ತಾ?" ಹೌದು ಅಂದರೆ ಸ್ಟೆಮ್ (ತೊಡೆ ಮೂಳೆಯೊಳಗೆ ಇಳಿಸಿದ ಲೋಹದ ಕಂಬಿ) ಆಗಲೇ ಸಡಿಲ ಆಗಿತ್ತು ಅಂತಲೇ ನನ್ನ ಲೆಕ್ಕ. ಎಕ್ಸ್‌ರೇ ಫಿಲ್ಮ್‌ನಲ್ಲಿ ವ್ಯಾಂಕೂವರ್ ಬಿ1 ತರ (ಸ್ಟೆಮ್ ಸುತ್ತ ಮುರಿತ, ಆದರೆ ಸ್ಟೆಮ್ ಗಟ್ಟಿ) ಕಂಡರೂ ರಿವಿಷನ್ ಸೆಟ್ (ಸ್ಟೆಮ್ ಬದಲಿಸುವ ಸಾಮಾನು) ತರಿಸಿಟ್ಟುಕೊಂಡೇ ಕೇಸ್ ತಗೊಳ್ಳುತ್ತೇನೆ. ಟೇಬಲ್ ಮೇಲೆ ಸ್ಟೆಮ್ ಹಿಡಿದು ತಿರುಗಿಸಿ ನೋಡಿದ ಮೇಲೇ ಕೊನೆ ತೀರ್ಮಾನ.

ಬೇರೆ ಕಡೆ ಪ್ಲೇಟ್ ಹಾಕಿಸಿಕೊಂಡು, ಅದು ಮುರಿದ ಮೇಲೆ ನನ್ನ ಹತ್ತಿರ ಬಂದವರು ಏಳೆಂಟು ಜನ ಇರಬಹುದು. ಹೆಚ್ಚಿನವು ಹಳೆ ಆಸ್ಟಿನ್ ಮೂರ್ (ಸಿಮೆಂಟ್ ಇಲ್ಲದೆ ಕೂರಿಸುವ, ಕಿಂಡಿಗಳಿರುವ ಹಳೆ ಮಾದರಿಯ ಸ್ಟೆಮ್). ಒಳ್ಳೆ ಲಾಕಿಂಗ್ ಪ್ಲೇಟು, ಸ್ಕ್ರೂಗಳೂ ಚೆನ್ನಾಗೇ ಕೂತಿದ್ದವು. ಒಳಗೆ ಸ್ಟೆಮ್ ಅಲುಗುತ್ತಿತ್ತು, ಅಷ್ಟೇ. ಹೆಜ್ಜೆ ಹೆಜ್ಜೆಗೂ ಭಾರವೆಲ್ಲ ಪ್ಲೇಟ್ ಮೇಲೇ ಬಿದ್ದರೆ ಅದಾದರೂ ಎಷ್ಟು ದಿನ ತಡೆದೀತು? ಎರಡನೇ ಆಪರೇಷನ್ನಿಗೆ ಆ ಮನೆಯವರು ಸಾಲ ಮಾಡಿಕೊಂಡು ಬರುತ್ತಾರೆ, ಅದನ್ನು ನೋಡಿದರೆ ಸಂಕಟ ಆಗುತ್ತದೆ.

ಹಾಗಾಗಿ ನಾನು ಸಡಿಲ ಸ್ಟೆಮ್ ತೆಗೆದು ಹೊಸದು ಹಾಕಲು ಹೊರಟಾಗ, ಮಾಡ್ಯುಲರ್ ಸ್ಟೆಮ್ (ತುಂಡುಗಳನ್ನು ಜೋಡಿಸಿ ಉದ್ದ ಹೊಂದಿಸುವಂಥದ್ದು) ಒಂದಕ್ಕೇ ಸುಮಾರು 2 ಲಕ್ಷ ಹೇಳುತ್ತಿದ್ದರು. ನಾನು ಮೊನೊಬ್ಲಾಕ್ ಟೇಪರ್ಡ್ ಫ್ಲೂಟೆಡ್ (ಒಂದೇ ತುಂಡಿನ, ಕೆಳಗೆ ಸಣ್ಣವಾಗುತ್ತ ಹೋಗುವ, ಉದ್ದುದ್ದ ಏಣುಗಳಿರುವ ಸ್ಟೆಮ್) ಹಿಡಿದೆ, 80 ಸಾವಿರದ ಆಸುಪಾಸು. "ಕಾಲಿನ ಉದ್ದ ಕೈಗೆ ಸಿಗಲ್ಲ ಕಣಯ್ಯ, ಸ್ಟೆಮ್ ಮೂಳೆಯೊಳಗೆ ಇಳಿದುಹೋಗತ್ತೆ" ಅಂದರು ಸೀನಿಯರ್‌ಗಳು. ಮೊದಮೊದಲು ಇಳಿದದ್ದೂ ಉಂಟು. ಒಬ್ಬರಿಗೆ 6 ವಾರದಲ್ಲಿ ಸೆಂಟಿಮೀಟರ್‌ಗಿಂತ ಜಾಸ್ತಿ ಇಳಿದು ಅಲ್ಲೇ ನಿಂತಿತು, ಮೂಳೆಯೂ ಕೂಡಿತು, ಈಗ ಚಪ್ಪಲಿ ಎತ್ತರಿಸಿಕೊಂಡು ನಡೆಯುತ್ತಾರೆ.

ಆಮೇಲೆ ಕ್ರಮ ಬದಲಿಸಿದೆ. ಮೇಲಿನ ಚೂರುಗಳನ್ನು ಮೊದಲು ಜೋಡಿಸಲು ಹೋಗುವುದೇ ಇಲ್ಲ. ಮುರಿತದ ಗೆರೆಯಲ್ಲೇ ಬಾಗಿಲು ತೆಗೆದಂತೆ ಮೂಳೆ ತೆರೆದು ಹಳೆ ಸ್ಟೆಮ್ ಆಚೆ ತೆಗೆಯುತ್ತೇನೆ (ಆಸ್ಟಿನ್ ಮೂರ್ ಕಿಂಡಿಯೊಳಗೆ ಮೂಳೆ ಬೆಳೆದಿದ್ದರೆ ತಾಳ್ಮೆ ಬೇಕು). ಸೋಂಕು ಇದೆಯಾ ನೋಡಲು ಒಳಗಿನ ಮಾಂಸದ ನಾಲ್ಕೈದು ಚೂರು ಕಲ್ಚರ್‌ಗೆ ಕಳಿಸುತ್ತೇನೆ, ಯಾಕಂದರೆ ಮುರಿತ ಆದವರಲ್ಲಿ ಸಿಆರ್‌ಪಿ (ಉರಿಯೂತ ತೋರಿಸುವ ರಕ್ತ ಪರೀಕ್ಷೆ) ಹೇಗೂ ಏರಿರುತ್ತದೆ, ಅದನ್ನು ನಂಬುವಂತಿಲ್ಲ. ಕೆಳಗಿನ ಮೂಳೆಯ ಬಾಯಿಗೆ 1 ಸೆಂಟಿಮೀಟರ್ ಕೆಳಗೆ ತಂತಿ ಬಿಗಿದು, ಆಮೇಲೇ ರೀಮರ್ (ಮೂಳೆಯ ಒಳಗನ್ನು ಕೊರೆಯುವ ಸಲಕರಣೆ). ಗಟ್ಟಿ ಮೂಳೆಯಲ್ಲಿ 4-5 ಸೆಂಟಿಮೀಟರ್ ಹಿಡಿತ ಸಿಗಲೇಬೇಕು. ಸ್ಟೆಮ್ ಕೂತು, ಹಿಪ್ಪಿನ ಗುಂಡು ಬಟ್ಟಲೊಳಗೆ ಹೋದ ಮೇಲೆ, ಮಾಂಸ ಬಿಡಿಸದೆ ಚೂರುಗಳನ್ನು ಅದರ ಸುತ್ತ ತಂದು ಕಟ್ಟುವುದು. ರೀಮರ್ ಎಲ್ಲಿ ನಿಲ್ಲಿಸಬೇಕು ಅಂತ ನನಗೆ ಹೇಳುವ ಒಂದು ಗುರುತಿದೆ. ಅದನ್ನು ಇಲ್ಲಿ ಬರೆಯಲ್ಲ, ಥಿಯೇಟರ್‌ಗೆ ಬಂದರೆ ತೋರಿಸುತ್ತೇನೆ.

ನಡುವೆ, ಚೂರುಗಳನ್ನು ಕಟ್ಟಲು ಕೇಬಲ್ (ಎಳೆಗಳನ್ನು ಹೆಣೆದ ಲೋಹದ ಹಗ್ಗ) ಬಿಟ್ಟು 18 ಗೇಜ್ ಸ್ಟೀಲ್ ತಂತಿಯನ್ನೇ ಜೋಡಿ ಮಾಡಿ ಸುತ್ತಿ ನೋಡಿದೆ. ಕೇಬಲ್ ಒಂದಕ್ಕೆ ಸಾವಿರಗಟ್ಟಲೆ, ತಂತಿ ನೂರಿನ್ನೂರರ ಮಾತು. ಮೇಲಿನ ಚೂರುಗಳಿಗೆ ಧಾರಾಳವಾಗಿ ಸಾಕು. ಫಿಬುಲಾ ಸ್ಟ್ರಟ್ (ಮೊಣಕಾಲಿನ ಕೆಳಗಿನ ಸಣ್ಣ ಮೂಳೆಯ ತುಂಡಿನ ಆಸರೆ) ಕೂಡ ಇಟ್ಟು ನೋಡಿದೆ, ಅದರಿಂದ ಲಾಭ ಕಾಣಲಿಲ್ಲ, ಕಾಲು ನೋವು ಮಾತ್ರ ಜಾಸ್ತಿ ಆಯಿತು.

ಇಂಥ ಕೇಸುಗಳು ಈಗ ಮೂವತ್ತರ ಹತ್ತಿರ ಆಗಿರಬೇಕು. ಪುನಃ ತೆರೆದದ್ದು ಎರಡೇ, ಒಂದು ಸೋಂಕಿಗೆ, ಒಂದು ಕೀಲು ಜಾರಿದ್ದಕ್ಕೆ. ಬೇಡ ಅಂದ ಸೀನಿಯರ್‌ ಒಬ್ಬರು ಕಳೆದ ವರ್ಷ ತಮ್ಮ ಪೇಶಂಟನ್ನೇ ಕಳಿಸಿದರು. ನೀವೂ ಕಳಿಸುವುದಾದರೆ ಪೂರ್ತಿ ತೊಡೆಯ ಲ್ಯಾಟರಲ್ ಫಿಲ್ಮ್ (ಪಕ್ಕದಿಂದ ತೆಗೆದ ಎಕ್ಸ್‌ರೇ) ಇರಲಿ. ಮೂಳೆ ಮುಂದಕ್ಕೆ ಬಾಗಿದ್ದರೆ ಉದ್ದನೆಯ ನೇರ ಸ್ಟೆಮ್ ಮುಂದಿನ ಗೋಡೆ ತೂತು ಮಾಡಿಬಿಡುತ್ತದೆ, ಎಪಿ (ಎದುರಿನಿಂದ ತೆಗೆದ ಫಿಲ್ಮ್) ಒಂದರಲ್ಲಿ ಅದು ಗೊತ್ತೇ ಆಗಲ್ಲ.