ಊದಿದ ಕಾಲಿನ ಸಿಟಿ ಸ್ಕ್ಯಾನನ್ನು ನಾನು ನೋಡುವ ರೀತಿ

ನಾನು ಹಾಸನದಲ್ಲಿ ರೇಡಿಯಾಲಜಿಸ್ಟ್. ಮಳೆಗಾಲ ಬಂತೆಂದರೆ ಸಕಲೇಶಪುರ, ಬೇಲೂರು ಕಡೆಯ ತೋಟಗಳಿಂದ ಕಾಲು ಊದಿಸಿಕೊಂಡು ಬರುವವರು ಇದ್ದೇ ಇರುತ್ತಾರೆ. ಕತ್ತಿ ತಾಗಿದ್ದೋ, ಮುಳ್ಳು ಚುಚ್ಚಿದ್ದೋ, ಸಣ್ಣ ಗಾಯ. ಜೊತೆಗೆ ಶುಗರ್, ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ. ಚರ್ಮ ಸ್ವಲ್ಪ ಕೆಂಪಾಗಿರುತ್ತದೆ ಅಷ್ಟೇ, ನೋವು ಮಾತ್ರ ಮುಟ್ಟಲೂ ಬಿಡದಷ್ಟು. ಇಂಥ ನೋವು ಕಂಡರೆ ನೆಕ್ರೋಟೈಸಿಂಗ್ ಫ್ಯಾಸಿಯೈಟಿಸ್ ಅನುಮಾನ ಬರಲೇಬೇಕು. ಅಂದರೆ ಸ್ನಾಯುಗಳನ್ನು ಸುತ್ತಿರುವ ಪದರವನ್ನು ಕೊಳೆಸುತ್ತಾ ಹಬ್ಬುವ ಸೋಂಕು.

ಬಿಪಿ ಬಿದ್ದಿದ್ದರೆ, ಚರ್ಮ ಕಪ್ಪಾಗಿ ಬೊಬ್ಬೆ ಎದ್ದಿದ್ದರೆ ನನ್ನ ಹತ್ತಿರ ಕಳಿಸಬೇಡಿ, ಸೀದಾ ಆಪರೇಷನ್ ಥಿಯೇಟರ್‌ಗೆ ಒಯ್ಯಿರಿ ಎಂದು ಸರ್ಜನ್‌ಗಳಿಗೆ ಹೇಳಿಬಿಟ್ಟಿದ್ದೇನೆ. ಸಿಟಿ ಬೇಕಾಗುವುದು ಅನುಮಾನ ಇದ್ದೂ ಖಾತ್ರಿ ಆಗದಾಗ.

ಎರಡೂ ಕಾಲು ಒಟ್ಟಿಗೆ, ಸೊಂಟದಿಂದಲೇ ತೆಗೆಸುತ್ತೇನೆ. ಚೆನ್ನಾಗಿರುವ ಕಾಲು ಪಕ್ಕದಲ್ಲಿದ್ದರೆ ಪದರ ದಪ್ಪವಾಗಿರುವುದು ತಟ್ಟನೆ ಗೊತ್ತಾಗುತ್ತದೆ. ಮೊದಲು ನೋಡುವುದು ಲಂಗ್ ವಿಂಡೋದಲ್ಲಿ, ಅಂದರೆ ಶ್ವಾಸಕೋಶ ನೋಡಲು ಪರದೆಯ ಕಪ್ಪು-ಬಿಳುಪನ್ನು ಹೊಂದಿಸುವ ರೀತಿಯಲ್ಲಿ. ಕಾಲಿಗೆ ಲಂಗ್ ವಿಂಡೋ ಯಾಕೆ ಸಾರ್ ಎಂದು ಹೊಸ ಟೆಕ್ನಿಷಿಯನ್‌ಗಳು ಕೇಳುತ್ತಾರೆ. ಮಾಮೂಲಿ ವಿಂಡೋದಲ್ಲಿ ಕೊಬ್ಬೂ ಕಪ್ಪು, ಗಾಳಿಯೂ ಕಪ್ಪು. ಸಿಟಿಯಲ್ಲಿ ಸಾಂದ್ರತೆ ಅಳೆಯುವ ಹೌನ್ಸ್‌ಫೀಲ್ಡ್ ಮಾನದಲ್ಲಿ ಕೊಬ್ಬು ಸುಮಾರು ಮೈನಸ್ 100, ಗಾಳಿ ಮೈನಸ್ 1000ದ ಹತ್ತಿರ. ವಿಂಡೋ ಅಗಲ ಮಾಡಿದರೆ ಸೋಂಕಿನ ಬ್ಯಾಕ್ಟೀರಿಯಾ ಹುಟ್ಟಿಸುವ ಗಾಳಿಗುಳ್ಳೆ ಎದ್ದು ಕಾಣುತ್ತದೆ. ಆದರೆ ಯಾರಾದರೂ ಆಗಲೇ ಕುಯ್ದು ಕೀವು ತೆಗೆದಿದ್ದರೆ ಹೊರಗಿನ ಗಾಳಿಯೂ ಒಳಗೆ ಹೋಗಿರುತ್ತದೆ. ಅದನ್ನು ಕೇಳದೆ ರಿಪೋರ್ಟ್ ಬರೆಯುವುದಿಲ್ಲ.

ಗಾಳಿ ಕಾಣದಿದ್ದರೆ? ಇಲ್ಲೇ ಎಲ್ಲರೂ ಸುಮ್ನೆ ನಿರಾಳ ಆಗಿಬಿಡುತ್ತಾರೆ. ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬಂದಿದ್ದರೆ ಗಾಳಿ ಇಲ್ಲದಿರುವುದೇ ಜಾಸ್ತಿ. ಆಗ ಸ್ನಾಯುಗಳ ನಡುವಿನ ಪದರದ ಗುಂಟ ನೀರು ಹರಡಿದೆಯಾ, ಕಾಂಟ್ರಾಸ್ಟ್ (ರಕ್ತ ಹರಿಯುವ ಕಡೆ ಬೆಳ್ಳಗೆ ಕಾಣಿಸುವ ಇಂಜೆಕ್ಷನ್) ಕೊಟ್ಟರೂ ಪದರ ಬೆಳಗದೆ ಉಳಿದಿದೆಯಾ ಎಂದು ಹುಡುಕುತ್ತೇನೆ. ಬೆಳಗದ ಕಡೆ ರಕ್ತ ಹೋಗುತ್ತಿಲ್ಲ ಅಂತಲೇ ಅರ್ಥ. ಕಿಡ್ನಿ ಹೇಗಿದೆ ಎಂದು ಹೇಳುವ ಕ್ರಿಯಾಟಿನಿನ್ ತೀರಾ ಏರಿದ್ದರೆ ಕಾಂಟ್ರಾಸ್ಟ್ ಬಿಡುತ್ತೇನೆ, ಗಾಳಿ ಮತ್ತು ನೀರು ಅದಿಲ್ಲದೆಯೂ ಕಾಣುತ್ತವೆ.

ರಕ್ತಪರೀಕ್ಷೆಗಳಿಂದ ಈ ಸೋಂಕಿನ ಅನುಮಾನ ಅಳೆಯಲು 2004ರಲ್ಲಿ ಸಿಂಗಪುರದ ವೈದ್ಯರು ಕೊಟ್ಟ ಲ್ರಿನೆಕ್ (LRINEC) ಸ್ಕೋರ್ ಇದೆ. 6 ಅಥವಾ ಹೆಚ್ಚು ಬಂದರೆ ಅನುಮಾನ ಗಟ್ಟಿ. ಕಡಿಮೆ ಬಂದರೆ ನಾನಂತೂ ನಂಬುವುದಿಲ್ಲ.

ರಿಪೋರ್ಟ್ ಟೈಪ್ ಆಗುವ ಮುಂಚೆಯೇ ಸರ್ಜನ್‌ಗೆ ಫೋನ್ ಮಾಡುತ್ತೇನೆ. ಅವರಿಗೆ ಬೇಕಾದ್ದು ಸೋಂಕು ಎಲ್ಲಿವರೆಗೆ ಏರಿದೆ, ಮೊಣಕಾಲು ದಾಟಿದೆಯಾ ಅನ್ನುವುದು. ಇಬ್ಬರಿಗೂ ಖಾತ್ರಿ ಆಗದಿದ್ದರೆ ಅವರು ಎರಡು ಸೆಂಟಿಮೀಟರ್ ಕುಯ್ದು ಬೆರಳು ಹಾಕಿ ನೋಡುತ್ತಾರೆ. ರಕ್ತದ ಬದಲು ಪಾತ್ರೆ ತೊಳೆದ ನೀರಿನಂಥದ್ದು ಬಂದು, ಪದರ ಬೆರಳಿಗೇ ಬಿಟ್ಟುಕೊಂಡರೆ ಆಪರೇಷನ್ ಆಗಲೇ ಶುರು, ನನ್ನ ಸಿಟಿಯಲ್ಲಿ ಏನೇ ಇರಲಿ.